ಯಾವ ಕುದುರೆ ಎಂದು ಕಾದು ಕೂತದ್ದು

ನನಗೊಂದು ಸಣ್ಣ ಅಳುಕಿದೆ. ಯಾರಿಗೂ ಹೇಳಿಲ್ಲ. ದಿನಚರಿಯಲ್ಲೂ ಅದನ್ನು ಪೆನ್ಸಿಲಿನಲ್ಲೇ ಬರೆದೆ, ಬೇಡವೆನಿಸಿದರೆ ಅಳಿಸಬಹುದೆಂದು. ಚದುರಂಗದ ಕ್ಲಬ್ಬಿಗೆ ನಾನು ಆರಿಸಿದ ತಂತ್ರಾಂಶವನ್ನು ಅದು ಒಳ್ಳೆಯದೆಂದು ಆರಿಸಿದೆನೋ, ಇಲ್ಲಾ ಅದೂ ನನ್ನ ಹಾಗೆ ಬಾಯಿಲ್ಲದ್ದು ಎಂಬ ಮರುಕಕ್ಕೆ ಆರಿಸಿದೆನೋ?

ಕ್ಲಬ್ಬು ಇರುವುದು ನಮ್ಮ ಅತ್ತೆಯ ಬೈಂಡಿಂಗ್ ಅಂಗಡಿಯ ಮಹಡಿಯಲ್ಲಿ. ಅತ್ತೆ ಎಂದರೆ ಅಪ್ಪನ ಅಕ್ಕ. ಹಗಲೆಲ್ಲ ಕೆಳಗೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾಳೆ, ಸಂಜೆ ಮೇಲೆ ಬಂದು ಅಂಟು ಒಣಗಿದ ಬೆರಳುಗಳಲ್ಲೇ ಪೆನ್ನು ಹಿಡಿಯುತ್ತಾಳೆ. ಅವಳು ಆಡುವುದಿಲ್ಲ, ಬೇರೆಯವರು ಆಡಿದ್ದನ್ನು ಬರೆದುಕೊಳ್ಳುತ್ತಾಳೆ. ಎಲ್ಲಿ ಪಂದ್ಯ ನಡೆದರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ನಡೆಗಳನ್ನೆಲ್ಲ ಹಾಳೆಗೆ ಇಳಿಸಿಕೊಂಡು ಬರುವುದು ಅವಳ ಹುಚ್ಚು. ಅದರಲ್ಲೂ ಅವಳದೊಂದು ಶೈಲಿ: ಯಾವ ಕಾಯಿ, ಯಾವ ಮನೆಗೆ ಹೋಯಿತು, ಇಷ್ಟೇ. ಒಂದೇ ಮನೆಗೆ ಹಾರಬಲ್ಲ ಕುದುರೆಗಳು ಎರಡಿದ್ದರೂ ಯಾವುದು ಹಾರಿತೆಂದು ಬರೆಯುವುದಿಲ್ಲ. ಕೇಳಿದರೆ, ಆಡಿದವರಿಗೆ ಗೊತ್ತಿರುತ್ತೆ ಬಿಡು ಎನ್ನುತ್ತಾಳೆ. ಕ್ಲಬ್ಬಿನಲ್ಲಿ ಎಲ್ಲರೂ ಅವಳಿಂದಲೇ ಬರೆಯಲು ಕಲಿತವರು, ಹಾಗಾಗಿ ಎಲ್ಲರದೂ ಅದೇ ಚಾಳಿ.

ಮಹಡಿಯ ಒಂದು ಗೋಡೆಗೆ ಬಿಳಿ ಬಣ್ಣ ಬಳಿದಿದೆ. ಪ್ರೊಜೆಕ್ಟರಿನಿಂದ ಅದರ ಮೇಲೆ ಆಟ ಬಿಟ್ಟು, ಎಲ್ಲರೂ ಟೀ ಹಿಡಿದು ಕೂತು, ಒಂದೊಂದು ನಡೆಗೂ ಜಗಳವಾಡುವುದು ಇಲ್ಲಿನ ಪದ್ಧತಿ. ಆಟವನ್ನು ಕಂಪ್ಯೂಟರಿಗೆ ಹಾಕಿ, ಬಾಣದ ಗುಂಡಿ ಒತ್ತಿ ಹಿಂದೆ ಮುಂದೆ ಮಾಡುವುದು ನನ್ನ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ನನಗೆ ಸಿಕ್ಕಿರುವ ಏಕೈಕ ಹುದ್ದೆ. ತಂಡದಲ್ಲಿ ಆಡುವ ಬಸ್ ಕಂಡಕ್ಟರಣ್ಣ ನನ್ನನ್ನು ಕರೆಯುವುದೇ ‘ಟೈಪಿಂಗ್ ಮೇಡಂ’ ಎಂದು. ಮೇಡಂ ಬಾಯಿ ತೆರೆದದ್ದನ್ನು ಕಂಡವರಿಲ್ಲ, ಒಳಗೆ ಹಲ್ಲಿವೆಯೋ ಇಲ್ಲವೋ ಡಾಕ್ಟರೇ ಪರೀಕ್ಷೆ ಮಾಡಬೇಕು ಎಂದು ಅವನ ತಮಾಷೆ.

ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ನಮ್ಮ ತಂಡದ ನಾಯಕರು, ಎರಡೂ ತಂಡಗಳ ಗಟ್ಟಿಗರು ಎದುರಾಗುವ ಒಂದನೇ ಬೋರ್ಡಿನಲ್ಲಿ ಆಡುವವರು. ಒಳ್ಳೆಯ ಮನುಷ್ಯ. ಎದುರಿಗೆ ಕೂತವರು ಮಾತಾಡಲಾರರು ಎಂಬ ಅಭ್ಯಾಸಬಲದಿಂದ ಎಲ್ಲ ಕಡೆಯೂ ತಾವೊಬ್ಬರೇ ಮಾತಾಡುತ್ತಾರೆ.

ಸೇತುವೆಯಾಚೆಯ ಕ್ಲಬ್ಬಿನ ಜೊತೆ ವರ್ಷಕ್ಕೊಮ್ಮೆ ನಮ್ಮ ಪಂದ್ಯ. ನನಗೆ ಬುದ್ಧಿ ಬಂದಾಗಿನಿಂದ ನಾವು ಸೋಲುತ್ತಲೇ ಬಂದಿದ್ದೇವೆ. ಕಾರಣ ಅವರ ಒಂದನೇ ಬೋರ್ಡು. ಔಷಧದ ಅಂಗಡಿಯ ಯಜಮಾನರು, ನಮ್ಮವರೆಲ್ಲ ಅವರನ್ನು ‘ಬಂಡೆ’ ಎನ್ನುತ್ತಾರೆ. ಮಾತಿಲ್ಲ, ಅಲುಗಾಟವಿಲ್ಲ, ಪ್ರತಿಸಲ ಅದೇ ಆರಂಭ, ಅದೇ ಗೆಲುವು. ಈ ಸಲ ಅವರ ಆಟಗಳನ್ನು ಬಿಡಿಸಿ ಬಿಡಿಸಿ ನೋಡಿಯೇ ಆಡಬೇಕೆಂದು ಕ್ಲಬ್ಬು ತೀರ್ಮಾನಿಸಿತು. ಅದಕ್ಕೊಂದು ಸರಳವಾದ ತಂತ್ರಾಂಶ ಹುಡುಕಲು ನನಗೆ ಹೇಳಿದರು.

ನಾನು ಶ್ರದ್ಧೆಯಿಂದ ಹುಡುಕಿದೆ. ವರನನ್ನು ನೋಡಲು ಕೂತವರು ಕೂಡ ಇಷ್ಟು ನೋಡಲಿಕ್ಕಿಲ್ಲ. ಒಂದು ತಂತ್ರಾಂಶ ತೆರೆಯುತ್ತಲೇ ತುತ್ತೂರಿ ಊದಿತು. ಇನ್ನೊಂದರಲ್ಲಿ ಕಾಯಿಗಳು ಅಮೃತಶಿಲೆಯವು, ನೆರಳು ಬೆಳಕಿನ ಸಮೇತ. ಚಂದವೇನೋ ಚಂದ, ಆದರೆ ಕುದುರೆ ಯಾವುದು ಒಂಟೆ ಯಾವುದು ತಿಳಿಯದು. ಮತ್ತೊಂದು ತೆರೆದರೆ ನಮ್ಮ ಹಳೆಯ ಕಂಪ್ಯೂಟರು ಉಬ್ಬಸ ಬಂದ ಅಜ್ಜನ ಹಾಗೆ ಏದುಸಿರು ಬಿಡುತ್ತಿತ್ತು. ಅದು ಅತ್ತೆಯ ಅಂಗಡಿಯಲ್ಲಿ ಬಿಲ್ಲು ಬರೆದು ದಣಿದು ಮೇಲಕ್ಕೆ ಬಡ್ತಿ ಪಡೆದ ಜೀವ. ಕೊನೆಗೆ ಒಂದು ಸಿಕ್ಕಿತು. ಚಪ್ಪಟೆ ಹಲಗೆ, ಎರಡು ಬಾಣ, ಪಕ್ಕದಲ್ಲಿ ಟಿಪ್ಪಣಿ ಬರೆಯಲು ಒಂದು ಜಾಗ. ಬೇಕಾದರೆ ಹಲಗೆಯನ್ನು ತಿರುಗಿಸಿ ಕಪ್ಪಿನ ಕಡೆಯಿಂದಲೂ ನೋಡಬಹುದು, ಮುಂದಿನ ನಡೆಗಳನ್ನು ಮುಚ್ಚಿಟ್ಟು ನಾವೇ ಊಹಿಸಬಹುದು. ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂದು ಅದು ತಾನಾಗಿ ತೀರ್ಪು ಕೊಡುವುದಿಲ್ಲ. ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಸುಮ್ಮನಿರುತ್ತದೆ.

ಸಭೆಯಲ್ಲಿ ಇದನ್ನೆಲ್ಲ ಹೇಳಬೇಕೆಂದು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಲ್ಲರೂ ನನ್ನ ಕಡೆ ತಿರುಗುತ್ತಲೇ ಅಷ್ಟೂ ಪಾಠ ಒಂದೇ ಸಾಲಿಗೆ ಇಳಿಯಿತು.

“ಇದು... ಸಾಕಾಗುತ್ತೆ ಅನ್ಸುತ್ತೆ” ಎಂದೆ.

“ಸಾಕಾಗೋದು ಬೇರೆ, ಗೆಲ್ಲಿಸೋದು ಬೇರೆ ಕಣಮ್ಮ” ಎಂದರು ಡಾಕ್ಟರು, ಕೆನ್ನೆ ತಟ್ಟುವಂಥ ದನಿಯಲ್ಲಿ.

ಅವರ ಷಡ್ಡಕರು ಎಲ್ಲಿಂದಲೋ ತಂದುಕೊಟ್ಟ ದೊಡ್ಡ ತಂತ್ರಾಂಶವೊಂದಿತ್ತು, ಪಂದ್ಯ ಮುಗಿಯುವವರೆಗೆ ಪರೀಕ್ಷೆಗೆಂದು. ಅದನ್ನು ಓಡಿಸಲು ಅವರ ಆಸ್ಪತ್ರೆಯ ಹೊಸ ಲ್ಯಾಪ್‌ಟಾಪೇ ಬಂತು. ಹಲಗೆಯ ಪಕ್ಕದಲ್ಲಿ ಜ್ವರ ನೋಡುವ ಕಡ್ಡಿಯಂತೆ ಒಂದು ಪಟ್ಟಿ ಏರಿ ಇಳಿದು, ಯಾರ ಕೈ ಮೇಲಾಗಿದೆ ಎಂದು ತೋರಿಸುತ್ತದೆ. ಮುಂದೆ ಏನಾಡಬೇಕೆಂದು ಕೆಂಪು ಬಾಣ ಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಡೆ ಬರೆದ ಹಾಳೆಯ ಫೋಟೋ ತೆಗೆದು ಕೊಟ್ಟರೆ ತಾನೇ ಓದಿಕೊಂಡು ಆಟ ಹಾಕಿಕೊಳ್ಳುತ್ತದೆ.

“ಟೈಪಿಂಗ್ ಮೇಡಂಗೆ ಇನ್ಮೇಲೆ ರಜೆ” ಎಂದ ಕಂಡಕ್ಟರಣ್ಣ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿತ್ತಲ ಗಿಡ ಮದ್ದಲ್ಲ, ಗೊತ್ತಿದ್ದದ್ದೇ. ಪಂದ್ಯವಾದ ಮೇಲೆ ಯಾವುದನ್ನು ಕಾಯಂ ಮಾಡುವುದೆಂದು ಕೈ ಎತ್ತಿ ನಿರ್ಧರಿಸೋಣ ಎಂದಾಯಿತು. ಆದರೆ ಕೈಗಳು ಆಗಲೇ ಅರ್ಧ ಎದ್ದಿದ್ದವು.

ಮೊದಲ ಸಂಜೆ ಬಂಡೆಯವರು ಹೋದ ವರ್ಷ ಬೇರೆ ಯಾರ ಮೇಲೋ ಆಡಿ ಗೆದ್ದ ಒಂದು ಆಟವನ್ನು ಗೋಡೆಗೆ ಬಿಟ್ಟರು. ಅತ್ತೆ ಪಕ್ಕದಲ್ಲಿ ಕೂತು ಬರೆದು ತಂದದ್ದು. ದೊಡ್ಡ ತಂತ್ರಾಂಶ ಹಾಳೆಯನ್ನು ಕ್ಷಣದಲ್ಲಿ ನುಂಗಿ ಆಟ ತೋರಿಸಿತು. ಶುರುವಿನಲ್ಲೇ ಒಂದು ಕಡೆ ಬಂಡೆಯವರು ರಾಜನ ಮುಂದಿನ ಮನೆಗೆ ಕುದುರೆ ತಂದಿದ್ದರು. ನಡುವಿನಲ್ಲಿ ನಿಂತಿದ್ದ ಅವರ ಕಾಲಾಳನ್ನು ಕಾಯುತ್ತಿದ್ದ ಕುದುರೆ ಅದು. ಅದೇ ಕಾವಲು ಬಿಟ್ಟು ಹಿಂದಕ್ಕೆ ಬಂದಿತ್ತು. ಪಟ್ಟಿ ನಮ್ಮ ಕಡೆಗೆ ಜಿಗಿಯಿತು. ಕೆಂಪು ಬಾಣ ಹೇಳಿತು: ನಿಮ್ಮ ಕುದುರೆಯಿಂದ ಆ ಕಾಲಾಳನ್ನು ಹೊಡೆಯಿರಿ.

“ನೋಡಿದ್ರಾ, ಬಂಡೆಯಲ್ಲೂ ಬಿರುಕಿದೆ” ಎಂದು ಡಾಕ್ಟರು ಎದ್ದು ನಿಂತರು. ಬಂಡೆಯವರು ಯಾವಾಗಲೂ ಇದನ್ನೇ ಆಡುವವರು, ಈ ಸಲವೂ ಆಡಿಯೇ ಆಡುತ್ತಾರೆ, ಗಡಿಯಾರದ ಸಮಯ ಉಳಿಸಲು ನಾನು ಇಲ್ಲಿಯವರೆಗೆ ಕಣ್ಣುಮುಚ್ಚಿ ಆಡಿ ಟಕ್ಕನೆ ಹೊಡೆಯುತ್ತೇನೆ ಎಂದರು. ಮುಂದಿನ ಸಂಜೆಗಳಲ್ಲಿ ಅದನ್ನೇ ಉರು ಹೊಡೆದರು. ರೋಗಿಗಳ ಬಾಯಿಗೆ ಹತ್ತಿ ಇಟ್ಟು ಅವರಿಗೂ ಈ ಹಂಚಿಕೆ ವಿವರಿಸಿದರೆಂದು ಕೇಳಿದೆ.

ನನಗೆ ಮಾತ್ರ ಗೋಡೆಯ ಮೇಲಿನ ಒಂದು ಕಾಯಿ ಕಾಡತೊಡಗಿತು. ಬಂಡೆಯವರ ಇನ್ನೊಂದು ಕುದುರೆ. ಆಟ ಮುಗಿಯುವವರೆಗೂ ಅದು ತನ್ನ ಲಾಯದಿಂದ ಕದಲಲೇ ಇಲ್ಲ. ಒಂದು ಕಾಯಿಯನ್ನೂ ಸೋಮಾರಿಯಾಗಲು ಬಿಡದ ಮನುಷ್ಯ, ಒಂದು ಕುದುರೆಯನ್ನು ಮನೆಯಲ್ಲೇ ಕಟ್ಟಿಹಾಕಿ ಗೆದ್ದರೇ?

ಒಂದು ಮಧ್ಯಾಹ್ನ ಮಹಡಿಯಲ್ಲಿ ಯಾರೂ ಇಲ್ಲದಾಗ ಅತ್ತೆಯ ಹಾಳೆ ತೆಗೆದುಕೊಂಡು ಹಳೆಯ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಸಣ್ಣ ತಂತ್ರಾಂಶ ತೆರೆದು ಒಂದೊಂದೇ ನಡೆ ಹಾಕುತ್ತ ಹೋದೆ. ಆ ಕುದುರೆಯ ನಡೆ ಬಂತು. ಹಾಕಿದೆ. ತಂತ್ರಾಂಶ ಮುಂದಕ್ಕೆ ಹೋಗಲಿಲ್ಲ. ಹಲಗೆಯ ಮೇಲೆ ಎರಡು ಕುದುರೆಗಳು ಮೆಲ್ಲಗೆ ಬೆಳಗಿದವು: ನಡುವಿನ ಕಾಲಾಳನ್ನು ಕಾಯುತ್ತಿದ್ದ ಕುದುರೆ, ಮತ್ತು ಲಾಯದಲ್ಲಿದ್ದ ಕುದುರೆ. ಎರಡೂ ಆ ಮನೆಗೆ ಹೋಗಬಲ್ಲವು. ಯಾವುದು? ಸದ್ದಿಲ್ಲ, ತೀರ್ಪಿಲ್ಲ. ನಾನು ಹೇಳುವವರೆಗೆ ಅದು ಹಾಗೆಯೇ ಕಾದು ಕೂತಿತು.

ದೊಡ್ಡ ತಂತ್ರಾಂಶ ಯಾರನ್ನೂ ಕೇಳಿರಲಿಲ್ಲ. ತನಗೆ ಮೊದಲು ಕಂಡ ಕುದುರೆಯನ್ನು ಹಿಡಿದು ನಡೆಸಿಬಿಟ್ಟಿತ್ತು.

ಹಾಳೆ ಹಿಡಿದು ಕೆಳಗಿಳಿದೆ. ಅತ್ತೆ ಹೊಲಿದ ಪುಸ್ತಕವೊಂದನ್ನು ಒತ್ತುಯಂತ್ರದ ಕೆಳಗಿಟ್ಟು ತಿರುಪು ಬಿಗಿಯುತ್ತಿದ್ದಳು. ಯಾವ ಕುದುರೆ ಎಂದು ಕೇಳಿದೆ. ಅತ್ತೆಯ ಜೊತೆ ನನಗೆ ದನಿ ಇದೆ.

“ಆಡಿದವರಿಗೆ...” ಎಂದು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಕಣ್ಣು ಮುಚ್ಚಿದಳು. ತಿರುಪಿನ ಮೇಲಿನ ಕೈ ತಾನಾಗಿ ಆ ದಿನದ ಮೇಜಿನ ಮೇಲೆ ಓಡಾಡಿತು.

“ತೋಳು ಗಡಿಯಾರಕ್ಕೆ ತಾಗಿತ್ತು ಕಣೇ. ಕುದುರೆ ಎತ್ತೋವಾಗ ಅವರ ಅಂಗಿ ತೋಳು ತಾಗಿ ಗಡಿಯಾರ ವಾಲ್ಕೊಂಡ್ತು, ಅವರು ಕ್ಷಮಿಸಿ ಅಂದ್ರು. ಅವರು ಬಾಯಿ ಬಿಟ್ಟಿದ್ದು ಅದೊಂದೇ ಸಲ, ಹೇಗೆ ಮರೀಲಿ? ಗಡಿಯಾರ ಅವರ ಬಲಗಡೆ ಇತ್ತು. ಹಾಗಾದ್ರೆ ಲಾಯದಲ್ಲಿತ್ತಲ್ಲ, ಬಲಗಡೆದು, ಅದೇ.”

ಓಡಿ ಮೇಲೆ ಹೋಗಿ ಲಾಯದ ಕುದುರೆಯನ್ನು ಒತ್ತಿದೆ. ಹಲಗೆಯ ಅರ್ಥವೇ ಬದಲಾಯಿತು. ಕಾವಲು ಕುದುರೆ ತನ್ನ ಜಾಗದಲ್ಲೇ ಇದೆ, ನಡುವಿನ ಕಾಲಾಳು ಭದ್ರವಾಗಿದೆ. ಡಾಕ್ಟರು ಕಣ್ಣುಮುಚ್ಚಿ ಅದನ್ನು ಹೊಡೆದರೆ ಒಂದು ಕಾಲಾಳಿಗೆ ಒಂದು ಕುದುರೆಯನ್ನು ದಾನ ಮಾಡಿದಂತೆ. ಆಮೇಲೆ ಹಲಗೆ ತಿರುಗಿಸಿ, ಕಪ್ಪಿನ ಕಡೆಯಿಂದ, ಅಂದರೆ ಡಾಕ್ಟರು ಕೂರುವ ಕಡೆಯಿಂದ, ಬಹಳ ಹೊತ್ತು ನೋಡಿದೆ. ರಾಜನ ಮುಂದೆ ಬಂದು ನಿಂತ ಆ ಕುದುರೆ ಬಂಡೆಯವರದೇ ಮಂತ್ರಿಗೆ ಅಡ್ಡವಾಗಿದೆ. ಮಂತ್ರಿಗೆ ಆ ಓರೆ ದಾರಿ ಕಾಣಿಸುತ್ತಿಲ್ಲ. ನಮ್ಮ ಕುದುರೆ ಸೀದಾ ಅವರ ರಾಜನ ಅಂಗಳಕ್ಕೆ ಹಾರಬಹುದು, ಹಿಂದೆಯೇ ನಮ್ಮ ಮಂತ್ರಿ ಬದಿಯಿಂದ ಬರಬಹುದು, ಹೊಡೆಯುವವರೇ ಇಲ್ಲ. ಹೋದ ವರ್ಷ ಎದುರಾಳಿ ಇದನ್ನು ಕಾಣದೆ ಸೋತಿದ್ದ. ಬಾಣ ತೋರಿಸಲಿಲ್ಲ, ಪಟ್ಟಿ ಏರಲಿಲ್ಲ. ನಾನೇ ಕಂಡೆ. ಕುರ್ಚಿಯಿಂದ ಎದ್ದು ಖಾಲಿ ಕೋಣೆಯಲ್ಲಿ ಒಂದು ಸುತ್ತು ನಡೆದೆ. ಓಡಿದೆ ಎಂದರೂ ತಪ್ಪಲ್ಲ.

ಕೆಳಗಿಳಿದು ಅತ್ತೆಗೆ ಹೇಳಿದೆ. ಹೋಗಿ ಡಾಕ್ಟರಿಗೆ ಹೇಳು ಎಂದಳು. ನೀನೇ ಹೇಳು ಎಂದೆ.

“ನಾನ್ಯಾಕೆ ಹೇಳಲಿ? ಕಂಡಿದ್ದು ನೀನು. ಬಾಯಿ ಬಿಟ್ರೆ ಹಲ್ಲು ಉದುರಲ್ಲ, ಉದುರಿದ್ರೂ ಕಟ್ಟೋಕೆ ಡಾಕ್ಟ್ರು ಎದುರಿಗೇ ಇರ್ತಾರೆ.”

ಸಂಜೆ ಡಾಕ್ಟರು ಬಂದರು. ನಾನು ಎದ್ದು ಅವರ ಹತ್ತಿರ ಹೋದೆ ಕೂಡ. ಅವರು “ಏನಮ್ಮ?” ಎಂದರು. ಟೀ ಬೇಕಾ ಎಂದು ಕೇಳಿ ಬಂದೆ.

ಕೊನೆಗೆ ನನಗೆ ಸಾಧ್ಯವಿದ್ದದ್ದನ್ನು ಮಾಡಿದೆ. ಅವರೆಲ್ಲ ಇಳಿದು ಹೋದ ಮೇಲೆ ದೊಡ್ಡ ತಂತ್ರಾಂಶದೊಳಗೆ ಕೈಹಾಕಿ ಕುದುರೆಯನ್ನು ಬದಲಿಸಿದೆ. ತಪ್ಪು ಕುದುರೆಯನ್ನು ವಾಪಸು ಕಳಿಸಿ ಸರಿಯಾದದ್ದನ್ನು ತಂದು ನಿಲ್ಲಿಸಿದೆ. ಮಾರನೆಯ ಸಂಜೆ ಗೋಡೆ ನೋಡಿದರೆ ಅವರಿಗೇ ತಿಳಿಯುತ್ತದೆ, ಯಾಕೆ ಬದಲಾಯಿತೆಂದು ಕೇಳುತ್ತಾರೆ, ಕೇಳಿದರೆ ಹೇಳುತ್ತೇನೆ ಎಂದುಕೊಂಡೆ.

ಅವರು ಕೇಳಲಿಲ್ಲ. ಆಟ ಅಲ್ಲಿಗೆ ಬಂದು ನಿಂತಾಗ ಪಟ್ಟಿ ಬೇರೆ ಥರ ಏರಿತು, ಕೆಂಪು ಬಾಣ ರಾಜನ ಅಂಗಳಕ್ಕೆ ತಿರುಗಿತು. ನಾನು ಕಂಡದ್ದನ್ನೇ ತೋರಿಸಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅವರ ಮುಖ ಅರಳಿತು.

“ಭೇಷ್. ರಾತ್ರಿಯೆಲ್ಲ ಯೋಚನೆ ಮಾಡಿದೆ ನೋಡಿ ಇದು. ನಿನ್ನೆ ಹೊಡಿ ಅಂತಿತ್ತು, ಇವತ್ತು ಅದಕ್ಕಿಂತ ಒಳ್ಳೇದು ಹುಡುಕಿದೆ. ಇದಕ್ಕೆ ಹೇಳೋದು ಬುದ್ಧಿ ಅಂತ.”

ಲ್ಯಾಪ್‌ಟಾಪನ್ನು ನಾನೇ ಮುಚ್ಚಿ, ವಯರು ಸುತ್ತಿ, ಚೀಲಕ್ಕೆ ಹಾಕಿದ್ದೆ. ಅದು ರಾತ್ರಿಯೆಲ್ಲ ನಮ್ಮ ಮಹಡಿಯ ಬೀರುವಿನಲ್ಲಿ ಗೊರಕೆ ಹೊಡೆಯುತ್ತಿತ್ತು. ಕುದುರೆ ಬದಲಾದದ್ದು ಅವರಾರಿಗೂ ಕಾಣಲಿಲ್ಲ. ಗೋಡೆಯ ಮೇಲೆ ಅಷ್ಟು ದೊಡ್ಡ ಹಲಗೆ ಇದ್ದರೂ ಎಲ್ಲರ ಕಣ್ಣು ಪಟ್ಟಿಯ ಮೇಲಿತ್ತು. ಅತ್ತೆ ಮಾತ್ರ ಮೂಲೆಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನಾನು ಬಾಣದ ಗುಂಡಿಯನ್ನೇ ನೋಡುತ್ತಿದ್ದೆ.

ಪಂದ್ಯ ನಮ್ಮ ಮಹಡಿಯಲ್ಲೇ ನಡೆಯಿತು. ಸೇತುವೆಯಾಚೆಯವರು ಮೆಟ್ಟಿಲು ಹತ್ತಿ ಬಂದು ಅಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು ಕೂತರು. ಬಂಡೆಯವರು ಬಿಳಿ, ಡಾಕ್ಟರು ಕಪ್ಪು. ಅದೇ ಆರಂಭ. ಅದೇ ಹೊತ್ತಿಗೆ ಬಂಡೆಯವರ ಬಲಗೈ ಲಾಯದ ಕಡೆ ಚಾಚಿತು. ಕುದುರೆ ಬಂದು ರಾಜನ ಮುಂದೆ ನಿಂತಿತು. ಅತ್ತೆ ಬರೆದುಕೊಂಡಳು. ಹಿಂದಿನಿಂದ ಇಣುಕಿದೆ. ಅವಳ ಜೀವಮಾನದಲ್ಲಿ ಮೊದಲ ಬಾರಿಗೆ ಯಾವ ಕುದುರೆ ಎಂದೂ ಬರೆದಿದ್ದಳು.

ಡಾಕ್ಟರ ಕುದುರೆ ಅಂಗಳಕ್ಕೆ ಹಾರಿತು. ಬಂಡೆಯವರು ಮೊದಲ ಬಾರಿಗೆ ಕುರ್ಚಿಯಲ್ಲಿ ಅಲುಗಾಡಿದರು. ರಾಜನನ್ನು ಕೋಟೆಯೊಳಗೆ ಕಳಿಸಿದರು. ಡಾಕ್ಟರ ಮಂತ್ರಿ ಬದಿಯಿಂದ ಬಂದಿತು. ಬಂಡೆಯವರು ಕಾಲಾಳೊಂದನ್ನು ದೂಡಿ ಕುದುರೆಯನ್ನು ಓಡಿಸಲು ನೋಡಿದರು. ಕುದುರೆ ಓಡುವ ಬದಲು ಕೋಟೆಯ ಬಾಗಿಲನ್ನೇ ಒಡೆದು ಒಳಗೆ ನುಗ್ಗಿತು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಪ್ರತಿ ನಡೆಯೂ ಆ ಮಧ್ಯಾಹ್ನ ಖಾಲಿ ಕೋಣೆಯಲ್ಲಿ ನಾನು ಕಂಡ ದಾರಿಯಲ್ಲೇ ನಡೆಯುತ್ತಿತ್ತು. ಉಳಿದ ಬೋರ್ಡುಗಳಲ್ಲಿ ಲೆಕ್ಕ ಸಮಸಮವಾಗಿತ್ತು. ಕಂಡಕ್ಟರಣ್ಣ ಗೆದ್ದು, ಮತ್ತೊಬ್ಬರು ಸೋತು, ಎಲ್ಲರೂ ಒಂದನೇ ಬೋರ್ಡಿನ ಸುತ್ತ ನಿಂತಿದ್ದರು. ಬಂಡೆಯವರು ಬಹಳ ಹೊತ್ತು ಹಲಗೆ ನೋಡಿದರು. ಆಮೇಲೆ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ ಕೈ ಚಾಚಿದರು.

ಆಗ ಎದ್ದ ಸದ್ದಿಗೆ ಕೆಳಗಿನ ಅಂಗಡಿಯಲ್ಲಿ ರಟ್ಟಿನ ಅಟ್ಟಿ ಉರುಳಿತೆಂದು ಆಮೇಲೆ ಗೊತ್ತಾಯಿತು. ಕಂಡಕ್ಟರಣ್ಣ ಸೀಟಿ ಹೊಡೆದ, ಅದೂ ಬಸ್ಸು ಹೊರಡಿಸುವ ಸೀಟಿ. ಅತ್ತೆ ಕಣ್ಣೊರೆಸಿಕೊಂಡಳು, ಅಂಟಿನ ಬೆರಳು ತಾಗಿ ರೆಪ್ಪೆ ಅಂಟಿತೆಂದು ಬೈದುಕೊಂಡಳು.

ಪದ್ಧತಿಯಂತೆ ಟೀ ಬಂತು, ಗೋಡೆಯ ಮೇಲೆ ಆಟ ಬಂತು. ನಾನು ಗುಂಡಿಯ ಮುಂದೆ ಕೂತೆ. ಕುದುರೆ ಅಂಗಳಕ್ಕೆ ಹಾರಿದ ಜಾಗದಲ್ಲಿ ಡಾಕ್ಟರು ನಿಲ್ಲಿಸಲು ಹೇಳಿದರು.

“ಇದು ನಂದಲ್ಲ, ನಿಜ ಹೇಳ್ಬೇಕಲ್ಲ” ಎಂದರು, ಎರಡೂ ಕ್ಲಬ್ಬಿನವರಿಗೆ ಕೇಳುವಂತೆ. “ನಮ್ಮ ಈ ದೊಡ್ಡ ತಂತ್ರಾಂಶದ್ದು. ರಾತ್ರಿಯೆಲ್ಲ ಕೂತು ಯೋಚಿಸಿ ಹುಡುಕಿಕೊಡ್ತು. ಇದನ್ನೇ ಕಾಯಂ ಮಾಡೋಣ ಅಂತ ನಾನು. ಒಪ್ಪೋರು ಕೈ ಎತ್ತಿ.”

ಕೈಗಳು ಎದ್ದವು. ಅತ್ತೆಯದು ಏಳಲಿಲ್ಲ. ಬಂಡೆಯವರು ಟೀ ಲೋಟವನ್ನು ಕೆಳಗಿಟ್ಟರು.

“ಯಂತ್ರ ರಾತ್ರಿ ಎದ್ದು ಕೂತು ಯೋಚಿಸಲ್ಲ ಡಾಕ್ಟ್ರೇ” ಎಂದರು. ಆ ಬಂಡೆಯೊಳಗೆ ಅಷ್ಟು ಮೆತ್ತಗಿನ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. “ನಾನು ಇಷ್ಟು ವರ್ಷ ಆಡ್ತಿದೀನಿ, ಇದನ್ನ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಯಾರೋ ಕೂತು ನೋಡಿದಾರೆ.”

ನನ್ನ ಮನಸ್ಸಿನಲ್ಲಿ ಪೆನ್ಸಿಲಿನ ಆ ಸಾಲು ಬಂತು. ಮರುಕಕ್ಕೆ ಆರಿಸಿದ್ದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಡೆಸಿಬಿಡದೆ ನಿಂತು ಕಾಯುತ್ತದಲ್ಲ, ಅದಕ್ಕೇ ಆರಿಸಿದ್ದೆ. ಲ್ಯಾಪ್‌ಟಾಪಿನ ವಯರನ್ನು ಪ್ರೊಜೆಕ್ಟರಿನಿಂದ ಕಿತ್ತು ನಮ್ಮ ಹಳೆಯ ಕಂಪ್ಯೂಟರಿನದನ್ನು ಸಿಕ್ಕಿಸಿದೆ. ಸಣ್ಣ ತಂತ್ರಾಂಶ ಗೋಡೆಯ ಮೇಲೆ ತೆರೆಯಿತು. ಹೋದ ವರ್ಷದ ಆಟ ಹಾಕಿದೆ, ಒಂದೊಂದೇ ನಡೆ. ಕುದುರೆಯ ನಡೆಯನ್ನು ಅತ್ತೆಯ ಹಾಳೆಯಲ್ಲಿದ್ದಂತೆಯೇ ಹಾಕಿ ಕೈ ಹಿಂದೆಗೆದೆ. ಬಿಳಿ ಗೋಡೆಯ ಮೇಲೆ, ಎಲ್ಲರ ಕಣ್ಣೆದುರು, ಎರಡು ಕುದುರೆಗಳು ಮೆಲ್ಲಗೆ ಬೆಳಗಿ ಕಾಯುತ್ತ ನಿಂತವು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಡಾಕ್ಟರು ಒಂದು ಕುದುರೆ ನೋಡಿದರು, ಇನ್ನೊಂದು ನೋಡಿದರು, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಬಾಯಿ ಅವರ ರೋಗಿಗಳದರ ಹಾಗೆ ತೆರೆದಿತ್ತು.

ನಾನು ಎದ್ದು ನಿಂತೆ.

“ಅದು ಯೋಚಿಸಲಿಲ್ಲ ಡಾಕ್ಟ್ರೇ. ಕುದುರೆ ತಪ್ಪಿತ್ತು. ನೋಡಿದ್ದು ನಾನು.”